ಹಡೆದವ್ವನಿಗೆ ಮೂರು ಸಾಲು

ನಿವೃತ್ತ ಕನ್ನಡ ಟೀಚರ್ ಜಯಲತಾ ನಮ್ಮ ಡೊಂಬಿವಲಿ ಹೌಸಿಂಗ್ ಸೊಸೈಟಿಯ ಪತ್ತೇದಾರಿಣಿ. ಪಕ್ಕದ ಮನೆಯ ನಾನು, ಪುಂಡರೀಕಾಕ್ಷ, ಅವರ ಬಾಲಂಗೋಚಿ ಎಂದು ನನ್ನ ಹೆಂಡತಿಯ ಅಭಿಪ್ರಾಯ. ಆ ದಿನ ಅವರ ಮನೆಯಲ್ಲಿ ಕಾಫಿಗೆ ಕಾಯುತ್ತಿದ್ದಾಗ ಪಕ್ಕದ ಸ್ಟೇಷನ್ ಠಾಕುರ್ಲಿಯ ಪರಿಚಯದ ಅನಿಲಕುಮಾರ ಏದುಸಿರು ಬಿಡುತ್ತ ಬಂದ.

"ಟೀಚರ್, ಹೆಂಡ್ತಿ ನಾಗವೇಣಿ ಮನ್ಯಾಗಿಲ್ರಿ. ಫೋನೂ ಬಿಟ್ಟು ಹೋಗ್ಯಾಳ. ಟೇಬಲ್ ಮ್ಯಾಲ ಇದಿತ್ತು."

ಚೀಟಿಯ ಮೂಲೆಗೆ ಅರಿಸಿನ ಹಚ್ಚಿದ ಅಕ್ಕಿಕಾಳೊಂದು ಅಂಟಿತ್ತು. ಬರೆದದ್ದು ಮೂರೇ ಸಾಲು:

ಹೊತ್ತಾತ ಹಡೆದವ್ವ ಹೊಸ್ತಿಲ ದಾಟೇನ
ಹತ್ತೀರ ಬಂದು ಹಿಡಿಬ್ಯಾಡ, ಹಿಡಿಬ್ಯಾಡ
ಮತ್ತ ನಾ ಹೊರಳಿ ಬರಲಾರೆ

"ಆಕಿ ಅವ್ವ ಹೋದ ವರ್ಷ ತೀರಿಕೊಂಡ್ರು. ಅವ್ವನ ಕಡೆ ಹೊಂಟಾಳ್ರಿ. ಒಂದ ಮಾತು ಎರಡು ಸಲ ಬರದಾಳ, ಮನಸ್ಸು ಕೆಟ್ಟೈತಿ."

"ಜಗಳ ಆಗಿತ್ತಾ?" ಎಂದರು ಟೀಚರ್.

"ಮೊದಲು ನಮ್ಮನ್ಯಾಗ ಕೆಲಸಕ್ಕಿದ್ದ ಚಂದ್ರಬಾಯಿ ನಿನ್ನೆ ಬಂದಿದ್ಲು. ಇವತ್ತ ಮಗಳ ಮದುವಿ, ತುರ್ಭೆಗೆ ಬಾ ಅಂದ್ಲು. ಆ ಜೋಪಡಿ ಬಸ್ತಿಗೆಲ್ಲಾ ಹೋಗೂದು ಬ್ಯಾಡ ಅಂದೆ."

ರೈಲ್ವೆ ಪೊಲೀಸರಿಗೆ ಹೇಳೋಣವೆಂದೆ. ಟೀಚರ್ ಬೆರಳು ಮಡಿಸುತ್ತ ಆ ಸಾಲುಗಳ ಗಣ ಎಣಿಸಿದರು, ಒಮ್ಮೆ ಗುನುಗಿದರು, ಎದ್ದರು.

"ಚಪ್ಪಲಿ ಹಾಕ್ಕೊಳ್ಳಿ. ಠಾಣೆ ಸ್ಟೇಷನ್ನಿನಲ್ಲಿ ರೈಲು ಬದಲಾಯಿಸಬೇಕು."

ತುರ್ಭೆಯ ಗಲ್ಲಿಯ ಚಪ್ಪರದಲ್ಲಿ ನಾಗವೇಣಿ ಮದುಮಗಳಿಗೆ ದಂಡೆ ಮುಡಿಸುತ್ತಿದ್ದಳು.

"ಫೋನ್ ಮರ್ತೆ. ಹೇಳಿದ್ರ ನೀವು ಬಿಡ್ತಿದ್ದಿಲ್ಲ," ಎಂದಳು ಗಂಡನಿಗೆ.

ಚಂದ್ರಬಾಯಿ ಬೂಂದಿ ತಂದಿಟ್ಟಳು. ಎಲ್ಲರೂ ಸುತ್ತ ಕೂತರು. "ನಿಮಗೆ ಹೆಂಗ ತಿಳೀತ್ರಿ?" ಎಂದು ಅನಿಲಕುಮಾರ ಕೇಳಿದ.

"ಅದು ನಿಮಗೆ ಬರೆದ ಪತ್ರ ಅಲ್ಲ, ಹಾಡೋಕೆ ಕಟ್ಟಿದ ತ್ರಿಪದಿ," ಎಂದರು ಟೀಚರ್. "ಹೊತ್ತು, ಹತ್ತಿರ, ಮತ್ತ ಅಂತ ಪ್ರಾಸ ಕೂಡಿಸಿ, ಗಣ ತಪ್ಪದ ಹಾಗೆ ಬರೆದಿದ್ದಾರೆ. ಮನಸ್ಸು ಕೆಟ್ಟಿದ್ದರೆ ಇಷ್ಟು ಅಚ್ಚುಕಟ್ಟು ಬರೋದಿಲ್ಲ. ಎರಡನೇ ಸಾಲಿನ ತುದಿ ಎರಡು ಸಲ ಬಂದಿದ್ದು ಜೊತೆಗೆ ಹಾಡುವವರು ಎತ್ತಿಕೊಳ್ಳಲಿ ಅಂತ. ಸಾಯೋಕೆ ಹೊರಟವರು ಮೇಳ ಕಟ್ಟುತ್ತಾರಾ?"

"ಅವ್ವ ಅಂತ ಬರದಾಳಲ್ರಿ?"

"ತೀರಿಹೋದ ಅವ್ವನ ಹತ್ತಿರ ಹೋಗೋಳು ಆ ಅವ್ವನಿಗೇ ಹಿಡಿಬ್ಯಾಡ ಅಂತಾಳಾ? ಇಲ್ಲಿ ಅವ್ವ ಬದುಕಿದ್ದಾಳೆ, ಬಿಟ್ಟು ಹೋಗ್ತಿರೋಳು ಮಗಳು. ದುಃಖ ಇದೆ, ಆದರೆ ಅದು ಹೆಣ್ಣು ಒಪ್ಪಿಸುವ ಹೊತ್ತಿನ ದುಃಖ. ಅಕ್ಷತೆ ಕಾಳಂತೂ ಚೀಟಿಗೇ ಅಂಟಿತ್ತು. ಮದುವೆ ಮನೆ ಯಾವುದು ಅಂತ ನೀವೇ ಹೇಳಿದ್ರಿ."

ಅಕ್ಷತೆ ಕಾಳನ್ನು ನಾನೂ ನೋಡಿದ್ದೆ. ಕಣ್ಣಿದ್ದರೆ ಸಾಲದು ಎಂದುಕೊಂಡು ಬೂಂದಿಗೆ ಕೈ ಹಾಕಿದೆ.

ಒಪ್ಪಿಸುವ ಹೊತ್ತು ಬಂತು. ನಾಗವೇಣಿ ಹಾಡಿದಳು, ಹೆಂಗಸರೆಲ್ಲ "ಹಿಡಿಬ್ಯಾಡ" ಎಂದು ಎತ್ತಿಕೊಂಡರು. ಚಂದ್ರಬಾಯಿಗಿಂತ ಮೊದಲು ಅತ್ತವನು ಅನಿಲಕುಮಾರ.

ಮುದುಕಿಯೊಬ್ಬಳು ನೀರು ತಂದುಕೊಟ್ಟು ಕೇಳಿದಳು, "ಮದುಮಗಳಿಗೆ ನೀವು ಏನಾಗಬೇಕ್ರಿ?"

ಅವನು ಮುಖ ಒರೆಸಿಕೊಂಡ. "ಹಾಡಿದಾಕಿ ಗಂಡ ರೀ," ಎಂದ.