ಮೂರನೇ ತಟ್ಟೆ

“ಅಮ್ಮಚ್ಚಿ, ದೇವರ ಹತ್ರ ವಾಚ್ ಇದ್ಯಾ?”

ಅಡುಗೆಮನೆಯ ಕಿಟಕಿಯ ಸರಳು ಹಿಡಿದುಕೊಂಡು ಜಿನ್ಸಿ ಕೇಳಿದಳು. ತಟ್ಟೆ ಒರೆಸುತ್ತಿದ್ದ ಅಜ್ಜಿ ತಲೆ ಎತ್ತಲಿಲ್ಲ.

“ಯಾಕೆ, ನೀನು ಕೊಡಿಸ್ತೀಯಾ?”

“ತಮಾಷೆ ಮಾಡ್ಬೇಡಿ. ಕತ್ತಲಾಯ್ತು. ಇನ್ನೂ ಯಾರೂ ರೊಟ್ಟಿ ತಂದಿಲ್ಲ. ದೇವರು ನಮ್ಮನೇನ ಮರೆತೇಬಿಟ್ನಾ ಅಂತ.”

ಅಂದು ಯೇಸುವಿನ ಕೊನೆಯ ಭೋಜನವನ್ನು ನೆನೆಯುವ ಪೆಸಹಾ ಗುರುವಾರ. ಕೇರಳದ ಮೀನಚ್ಚಿಲ್ ಹೊಳೆಯ ಎರಡೂ ದಡದ ಕ್ರೈಸ್ತರ ಮನೆಗಳಲ್ಲಿ ಹುಳಿ ಬರಿಸದ ಅಕ್ಕಿಹಿಟ್ಟಿನ ರೊಟ್ಟಿ ಹಬೆಯಲ್ಲಿ ಬೇಯುತ್ತಿತ್ತು. ಅದರ ಮೇಲೆ ಹಿಂದಿನ ಭಾನುವಾರ ಚರ್ಚಿನಲ್ಲಿ ಹರಸಿ ಕೊಟ್ಟ ತೆಂಗಿನ ಗರಿಯ ಶಿಲುಬೆ ಇಟ್ಟು, ಪ್ರಾರ್ಥನೆ ಮಾಡಿ, ಬೆಲ್ಲ ಹಾಕಿದ ತೆಂಗಿನಹಾಲಿನ ಜೊತೆ ಎಲ್ಲರೂ ಹಂಚಿಕೊಂಡು ತಿನ್ನುತ್ತಾರೆ. ಆದರೆ ವರ್ಷದೊಳಗೆ ಸಾವಾದ ಮನೆಯಲ್ಲಿ ಆ ರೊಟ್ಟಿ ಮಾಡುವಂತಿಲ್ಲ. ಅಕ್ಕಪಕ್ಕದವರೇ ತಂದುಕೊಡಬೇಕು. ಕಳೆದ ಮಳೆಗಾಲದಲ್ಲಿ ಜಿನ್ಸಿಯ ಅಜ್ಜ ಅಪ್ಪಚ್ಚನ್ ತೀರಿಕೊಂಡಿದ್ದರು.

“ಹಿಟ್ಟಿದೆ, ಕಾಯಿ ಇದೆ. ನಾವೇ ಗುಟ್ಟಾಗಿ ಮಾಡೋಣ್ವಾ?”

“ದೇವರಿಗೆ ಗೊತ್ತಾಗದ ಹಾಗೆ ಹಬೆಯಲ್ಲಿ ಬೇಯಿಸೋದು ನಿಂಗೆ ಬರುತ್ತಾ?”

“ಹಾಗಾದ್ರೆ ಯಾರ ಮನೆಗಾದ್ರೂ ಹೋಗಿ ಕೇಳ್ಕೊಂಡು ಬರ್ಲಾ?”

“ಕೇಳಿ ತರೋದಲ್ಲ ಮಗಳೇ ಅದು. ತಾನಾಗಿ ಬರಬೇಕು.”

ಜಿನ್ಸಿಗೆ ಅಳು ಬಂತು. ಈಸ್ಟರಿಗೆ ಮುಂಚಿನ ಐವತ್ತು ದಿನದ ಉಪವಾಸದಲ್ಲಿ ಅವಳು ಮೀನು ಮುಟ್ಟಿರಲಿಲ್ಲ, ಕ್ಲಾಸಿನಲ್ಲಿ ಹಂಚಿದ ಬರ್ತ್‌ಡೇ ಚಾಕೊಲೇಟನ್ನೂ ವಾಪಸ್ ಕೊಟ್ಟಿದ್ದಳು. ಅದಕ್ಕಿಂತ ದೊಡ್ಡ ಸಂಕಟ ಬೇರೆಯೇ ಇತ್ತು. ಪ್ರತಿ ವರ್ಷ ಅಪ್ಪಚ್ಚನ್ ಕೈಯಿಂದ ತಿನ್ನುತ್ತಿದ್ದ ರೊಟ್ಟಿ ಅದು. ಈ ವರ್ಷ ಅಪ್ಪಚ್ಚನ್ನೂ ಇಲ್ಲ, ರೊಟ್ಟಿಯೂ ಇಲ್ಲ ಎಂದಾಗಿಬಿಟ್ಟರೆ?

ಯಾರು ತರುತ್ತಾರೆ ಎಂಬುದೂ ಅವಳಿಗೆ ತಿಳಿಯಲಿಲ್ಲ. ಹತ್ತಿರದಲ್ಲಿದ್ದ ಕ್ರೈಸ್ತರ ಮನೆ ಒಂದೇ, ಬೇಲಿಯಾಚೆಯ ಏಲಿ ಚೇಡತ್ತಿಯದು; ಚೇಡತ್ತಿ ಎಂದರೆ ಅಕ್ಕ. ಉಳಿದವರೆಲ್ಲ ಹೊಳೆಯ ಆಚೆ. ಪಕ್ಕದಲ್ಲೇ ಏಲಿ ಚೇಡತ್ತಿ ಇದ್ದಾರಲ್ಲ, ಏನೇ ಇದ್ದರೂ ಅವರೇ ಕೊಡುತ್ತಾರೆ ಎಂದು ಅವರೆಲ್ಲ ಸುಮ್ಮನಿದ್ದರು. ಏಲಿ ಚೇಡತ್ತಿಯೋ ಎರಡು ವರ್ಷದಿಂದ ಈ ಮನೆಗೆ ಕಾಲಿಟ್ಟವರಲ್ಲ. ಅಪ್ಪಚ್ಚನ್ ಸಾಕಿದ ಹುಂಜ ಅವರ ಶುಂಠಿಪಾತಿ ಕೆದಕಿತ್ತು. ಅವರು ಕಲ್ಲೆಸೆದರು, ಹುಂಜ ಕುಂಟಿತು. ಮುಂದಿನ ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ, ಊರೆಲ್ಲ ನೋಡುತ್ತಿರುವಾಗ, ಅಪ್ಪಚ್ಚನ್ನೂ ಅವರೂ ಬಾಯಿಗೆ ಬಂದಂತೆ ಬೈದಾಡಿಕೊಂಡರು. ಅಲ್ಲಿಗೆ ಮಾತು ನಿಂತಿತು. ಅಪ್ಪಚ್ಚನ್ ಸತ್ತ ದಿನವೂ ಏಲಿ ಚೇಡತ್ತಿ ಹಲಸಿನ ಮರದ ಕೆಳಗೆ ನಿಂತು ಹಾಗೇ ಹಿಂದಿರುಗಿದ್ದರು.

ಅಜ್ಜಿ ಒರೆಸಿದ ತಟ್ಟೆಗಳನ್ನು ಮೇಜಿನ ಮೇಲಿಟ್ಟರು. ಮೂರು ತಟ್ಟೆ, ಮೂರು ಲೋಟ.

“ಅಮ್ಮನಿಗೆ ನೈಟ್ ಡ್ಯೂಟಿ, ಪಪ್ಪ ಕುವೈತ್‌ನಲ್ಲಿ. ನಾವಿರೋದು ಇಬ್ರೇ. ಮೂರನೇದು ಯಾರಿಗೆ?”

“ತೊಳೆದೆ, ಇಟ್ಟೆ. ನಿನಗೇನು ಭಾರ?”

ಅಷ್ಟರಲ್ಲಿ ಜಿನ್ಸಿಗೆ ಕಿಟಕಿಯಾಚೆ ಏನೋ ಕಂಡಿತು. ಬೇಲಿಯ ಹತ್ತಿರ ಒಂದು ಪುಟ್ಟ ಬೆಳಕು. ಅದು ಬೇಲಿಯ ಕಿಂಡಿ ದಾಟಿತು, ಹಲಸಿನ ಮರದವರೆಗೆ ಬಂತು, ನಿಂತಿತು.

ಕಳ್ಳನಿರಬಹುದಾ? ಕಳ್ಳ ಇಷ್ಟು ನಿಧಾನಕ್ಕೆ ಬರ್ತಾನಾ? ಅವಳಿಗೆ ತಡೆಯಲಾಗಲಿಲ್ಲ.

“ಯಾರದು?” ಎಂದು ಕೂಗಿಯೇಬಿಟ್ಟಳು.

ಬೆಳಕು ಬೆಚ್ಚಿತು. ತಿರುಗಿ ಸರಸರನೆ ಬೇಲಿಯಾಚೆ ಹೋಗಿ ಮರೆಯಾಯಿತು.

“ಕೂಗಿ ಓಡಿಸಿದ್ಯಲ್ಲೇ!” ಅಜ್ಜಿ ಹಣೆ ಒತ್ತಿಕೊಂಡರು.

“ಅದು... ಏಲಿ ಚೇಡತ್ತಿನಾ?”

ಅಜ್ಜಿ ಬೇಲಿಯ ಕಡೆ ನೋಡಿದರು. ಜಿನ್ಸಿಗೆ ಹೊಳೆಯಿತು. ಬರುತ್ತಿದ್ದ ರೊಟ್ಟಿಯನ್ನು ತಾನೇ ಹಿಂದಕ್ಕೆ ಕಳಿಸಿದೆನಲ್ಲ.

“ನಾನು ಓಡಿಹೋಗಿ ಕರ್ಕೊಂಡು ಬರ್ತೀನಿ.”

“ಬೇಡ. ನೀನು ಓಡಿದಷ್ಟೂ ಅವಳು ದೂರ ಹೋಗ್ತಾಳೆ. ಬಾ, ಪ್ರಾರ್ಥನೆಗೆ ಕೂರು.”

ಇಬ್ಬರೂ ಯೇಸುವಿನ ಪಟದ ಮುಂದೆ ಮಂಡಿಯೂರಿದರು. ಅಜ್ಜಿ ದಿನದಂತೆಯೇ, ಯಾವ ಅವಸರವೂ ಇಲ್ಲದೆ, ಪ್ರಾರ್ಥನೆ ಹೇಳತೊಡಗಿದರು. ದನಿ ಮಾತ್ರ ದಿನಕ್ಕಿಂತ ದೊಡ್ಡದಾಗಿತ್ತು, ಬೇಲಿಯವರೆಗೂ ಕೇಳಿಸುವಷ್ಟು. ಜಿನ್ಸಿ ಒಂದು ಕಣ್ಣು ಮುಚ್ಚಿ ಇನ್ನೊಂದು ಕಣ್ಣನ್ನು ಕಿಟಕಿಗೆ ನೆಟ್ಟಳು. ದೇವರೇ, ಇನ್ನು ಕೂಗಲ್ಲ, ಇನ್ನೊಂದು ಸಲ ಕಳಿಸು.

ಬೆಳಕು ಮತ್ತೆ ಬಂತು. ಹಲಸಿನ ಮರದ ಕೆಳಗೆ ನಿಂತಿತು. ಹಿಂದಕ್ಕೆ ಹೊರಟಿತು.

ಜಿನ್ಸಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅಜ್ಜಿಯ ಪ್ರಾರ್ಥನೆ ನಿಲ್ಲಲಿಲ್ಲ. ಬೆಳಕು ಬೇಲಿಯ ಹತ್ತಿರ ತುಂಬ ಹೊತ್ತು ನಿಂತೇ ಇತ್ತು. ಆಮೇಲೆ ತಿರುಗಿತು. ಬಾವಿಕಟ್ಟೆ ದಾಟಿ ಅಂಗಳಕ್ಕೆ ಬಂತು. ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟ ಸದ್ದಾಯಿತು.

“ಆಮೆನ್,” ಎಂದರು ಅಜ್ಜಿ. “ಈಗ ಹೋಗಿ ಬಾಗಿಲು ತೆಗಿ.”

ಹೊರಗೆ ಏಲಿ ಚೇಡತ್ತಿ ನಿಂತಿದ್ದರು. ಒಂದು ಕೈಯಲ್ಲಿ ಟಾರ್ಚ್, ಇನ್ನೊಂದರಲ್ಲಿ ಬಾಳೆಲೆ ಮುಚ್ಚಿದ ಬುಟ್ಟಿ. ಅವರು ಜಿನ್ಸಿಯನ್ನು ನೋಡದೆ ಹೊಸ್ತಿಲನ್ನೇ ನೋಡುತ್ತ ಹೇಳಿದರು.

“ಹಾಲು ಬುಟ್ಟಿಯ ತಳದಲ್ಲಿ, ಡಬ್ಬಿಯಲ್ಲಿದೆ. ರೊಟ್ಟಿ ಮೇಲೆ ಶಿಲುಬೆ ಇಲ್ಲ. ಮಂಡಿ ನೋವು ನೋಡು, ಗರಿಗಳ ಭಾನುವಾರ ಚರ್ಚಿಗೆ ಹೋಗೋಕಾಗ್ಲಿಲ್ಲ. ಗರಿ ಸಿಗಲಿಲ್ಲ. ಬರೀ ರೊಟ್ಟಿ ಹೇಗೆ ತರೋದು ಅಂತಾನೇ...”

ಅವರು ಟಾರ್ಚ್ ಆರಿಸಿ ಮತ್ತೆ ಹಚ್ಚಿದರು. ಗರಿಯೊಂದೇ ಕಾರಣವಾಗಿದ್ದರೆ ಅವರು ಎರಡು ಸಲ ಹಿಂದಿರುಗುತ್ತಿರಲಿಲ್ಲ ಎಂದು ಜಿನ್ಸಿಗೂ ಗೊತ್ತಾಯಿತು.

“ಗರಿ ನಮ್ಮಲ್ಲಿದೆ!” ಅವಳು ಓಡಿಹೋಗಿ ಪಟದ ಹಿಂದೆ ಸಿಕ್ಕಿಸಿದ್ದ ಗರಿ ತಂದಳು. ಎರಡು ತುಂಡು ಹರಿದು ಶಿಲುಬೆ ಮಾಡಿ ರೊಟ್ಟಿಯ ಮೇಲಿಟ್ಟಳು. ರೊಟ್ಟಿ ಇನ್ನೂ ಬೆಚ್ಚಗಿತ್ತು.

“ಸರಿ, ನಾನಿನ್ನು ಬರ್ತೀನಿ,” ಎಂದು ಏಲಿ ಚೇಡತ್ತಿ ಹೊರಡಲು ತಿರುಗಿದರು.

“ಎಲ್ಲಿಗೆ? ಆ ಒಂಟಿ ಮನೆಗಾ?” ಅಜ್ಜಿ ಚಾಕುವನ್ನು ಅವರ ಕಡೆ ನೀಡಿದರು. “ಮನೆಯಲ್ಲಿರೋ ದೊಡ್ಡವರು ಕತ್ತರಿಸ್ಬೇಕು. ನೀನು ನನಗಿಂತ ಎರಡು ವರ್ಷ ದೊಡ್ಡವಳು, ಚೇಡತ್ತಿ. ಕೂತ್ಕೋ.”

ಏಲಿ ಚೇಡತ್ತಿ ಅಪ್ಪಚ್ಚನ್ನರ ಖಾಲಿ ಕುರ್ಚಿಯನ್ನು ನೋಡಿದರು. ಸೆರಗಿನಿಂದ ಕಣ್ಣೊರೆಸಿಕೊಂಡು ಅದರ ಪಕ್ಕದ ಸ್ಟೂಲಿನ ಮೇಲೆ ಕೂತರು. ಅವರ ಮುಂದೆ ಒಂದು ತಟ್ಟೆ ಇತ್ತು, ಒಂದು ಲೋಟವೂ ಇತ್ತು.

ಜಿನ್ಸಿ ಆ ತಟ್ಟೆಯನ್ನೇ ನೋಡಿದಳು. ಕಿಟಕಿಯಲ್ಲಿ ಬೆಳಕು ಕಾಣುವ ಮೊದಲೇ ಅಜ್ಜಿ ಅದನ್ನು ತೊಳೆದು ಇಟ್ಟಿದ್ದರು. ವಾಚಿನ ಪ್ರಶ್ನೆ ಮತ್ತೆ ನಾಲಿಗೆಯ ತುದಿಗೆ ಬಂದಿತ್ತು. ಅವಳು ಅದನ್ನು ಕೇಳಲಿಲ್ಲ.

ರೊಟ್ಟಿ ಕೊಡುವುದು ದೊಡ್ಡವರಿಂದ ಚಿಕ್ಕವರಿಗೆ. ಕೊನೆಯ ತುಂಡು ತನ್ನದು. ಜಿನ್ಸಿ ಎರಡೂ ಅಂಗೈ ಜೋಡಿಸಿ ಮುಂದೆ ಹಿಡಿದು, ಏಲಿ ಚೇಡತ್ತಿಯ ಕೈ ತನ್ನ ಕಡೆ ಬರುವವರೆಗೂ ಕಾದು ಕೂತಳು.