ಇಡೀ ದಿನದ ಬೆದರಿಕೆ

ಹದಿನಾಲ್ಕನೇ ತಾರೀಖು ಬೆಳಿಗ್ಗೆ 10.20ಕ್ಕೆ ಠಾಣೆಗೆ ಬಂದ ಹೆಂಗಸು ಬಾಗಿಲಿಗೆ ಬೆನ್ನು ಹಾಕಿ ಕೂರಲೊಲ್ಲದೆ ಕುರ್ಚಿಯನ್ನು ಗೋಡೆಗೆ ಎಳೆದುಕೊಂಡಳು. ಆಸ್ಪತ್ರೆಯಲ್ಲಿ ಸಿಬ್ಬಂದಿಯ ಡ್ಯೂಟಿ ಪಟ್ಟಿ ಮಾಡುವ ಗುಮಾಸ್ತೆ. ಮಹಿಳಾ ಕಾನ್‌ಸ್ಟೇಬಲ್ ನೀರು ಕೊಟ್ಟರೂ ಆಕೆ ಲೋಟ ಹಿಡಿದು ಬಾಗಿಲನ್ನೇ ನೋಡುತ್ತಿದ್ದಳು.

ಇನ್‌ಸ್ಪೆಕ್ಟರ್ ಆಕೆಯ ಫೋನ್ ನೋಡಿದರು. ಕ್ಯಾಲೆಂಡರಿನಲ್ಲಿ ಯಾರೋ ಅಪರಿಚಿತ ಮೇಲ್‌ನಿಂದ ಸೇರಿಸಿದ ನಮೂದು: 'ಈ ಸಲ ನೀನೇ.'

"ಎಷ್ಟು ಗಂಟೆಗೆ?"

"ಗಂಟೆ ಇಲ್ಲ ಸರ್. ಇಡೀ ದಿನ ಅಂತಿದೆ. ಇವತ್ತು, ನಾಳೆ, ಎರಡೂ ದಿನ."

"ಗಂಟೆ ಹೇಳಿ ಬರೋ ಕಳ್ಳನನ್ನ ನಾನೂ ಕಂಡಿಲ್ಲ ಬಿಡಿ," ಎಂದರು ಇನ್‌ಸ್ಪೆಕ್ಟರ್.

ಹಿಂದೆಯೂ ಇಂಥ ಎರಡು ನಮೂದು ಬಂದಿದ್ದವು. ಮೂರು, ನಾಲ್ಕನೇ ತಾರೀಖಿಗೆ 'ಗಾಡಿ' ಎಂದಿತ್ತು. ಮೂರರಂದು ಆಕೆಯ ಸ್ಕೂಟರಿನ ಟೈರನ್ನು ಯಾರೋ ಕುಯ್ದಿದ್ದರು. ಎಂಟು, ಒಂಬತ್ತಕ್ಕೆ 'ಕಿಟಕಿ'. ಎಂಟರಂದು ಅಡುಗೆಮನೆಯ ಗಾಜು ಪುಡಿಪುಡಿ. 11.05ಕ್ಕೆ ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಆಕೆಯ ಮನೆಯಲ್ಲಿ ನೆರೆಯವರಿಬ್ಬರ ಸಮಕ್ಷಮ ಪಂಚನಾಮೆ ನಡೆಯಿತು. ಹೊರಗೆ ಗೇಟು ಕಿರುಗುಟ್ಟಿದಾಗಲೆಲ್ಲ ಗುಮಾಸ್ತೆ ಕಾನ್‌ಸ್ಟೇಬಲ್‌ಳ ತೋಳು ಹಿಡಿಯುತ್ತಿದ್ದಳು.

ಠಾಣೆಗೆ ಮರಳಿ ಕಾನ್‌ಸ್ಟೇಬಲ್ ಮೇಲ್‌ಗೆ ಲಗತ್ತಾಗಿದ್ದ ಕಡತವನ್ನು ಬಿಚ್ಚಿ ನೋಡಿದಳು. ಸಮಯವಿಲ್ಲದ ಕಾರ್ಯಕ್ರಮವಾದರೆ ಇಂಥ ಕಡತದಲ್ಲಿ ಬರೀ ತಾರೀಖು ಇರುತ್ತದೆ. ಮುಗಿಯುವ ತಾರೀಖು ಲೆಕ್ಕಕ್ಕಿಲ್ಲ, ಅದರ ಹಿಂದಿನ ದಿನಕ್ಕೇ ಎಲ್ಲ ಮುಗಿದಂತೆ. ಇಲ್ಲಿ ಶುರು ಹದಿನಾಲ್ಕು, ಮುಗಿಯುವುದು ಹದಿನಾರು. ಅಂದರೆ ಹಾಕಿದ್ದೇ ಎರಡು ದಿನ.

"ಸರ್, ಮೂರು ಸಲವೂ ಎರಡೆರಡು ದಿನ ಹಾಕಿದ್ದಾನೆ. ಆದ್ರೆ ಹಿಂದಿನ ಎರಡು ಸಲ ಕೈ ಮಾಡಿರೋದು ಮೊದಲ್ನೇ ದಿನ ಮಾತ್ರ. ಎರಡನೇ ದಿನ ಯಾಕೆ ಬೇಕಿತ್ತು?"

ಪಕ್ಕದಲ್ಲಿ ಕೂತಿದ್ದ ಗುಮಾಸ್ತೆ ಕುರ್ಚಿಯಿಂದ ಮುಂದಕ್ಕೆ ಬಾಗಿದಳು.

"ನಮ್ಮಲ್ಲಿ ಹಾಗೇ ಹಾಕೋದು ಸರ್. ಡ್ಯೂಟಿ ಪಟ್ಟಿಯ ಹಳೇ ಕಂಪ್ಯೂಟರ್ ಕೊನೇ ದಿನಾನ ನುಂಗಿಬಿಡುತ್ತೆ. ಒಂದು ದಿನದ ರಜಕ್ಕೆ ಎರಡು ದಿನ ಹಾಕಬೇಕು."

"ಯಾರ್ಯಾರು ಹಾಕ್ತಾರೆ?"

"ರಜದ ಚೀಟೀಲಿ ಎಲ್ಲರೂ ಒಂದೇ ದಿನ ಬರೀತಾರೆ. ಇನ್ನೊಂದು ದಿನ ಸೇರಿಸೋಳು ನಾನು. ಎಕ್ಸ್‌ರೇ ತೆಗೆಯೋ ಅಣ್ಣ ಒಬ್ರೇ ತಾವೇ ಸೇರಿಸಿ ಕೊಡ್ತಾರೆ."

"ಯಾವಾಗಿಂದ?"

ಆಕೆ ಸೆರಗಿನ ತುದಿ ಹಿಂಡಿದಳು. "ಒಂದ್ಸಲ ಅವರ ರಜಕ್ಕೆ ನಾನು ಸೇರಿಸೋದು ಮರೆತಿದ್ದೆ. ಆವತ್ತಿಂದ."

ಎರಡನೇ ದಿನ ಬರೀ ಕೈರೂಢಿ. ಹಾಗಾದರೆ ಅವನು ಗೊತ್ತುಮಾಡಿದ ದಿನ ಇವತ್ತೇ. ಕಾನ್‌ಸ್ಟೇಬಲ್ ಗಡಿಯಾರ ನೋಡಿದಳು. 3.40.

ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಎಕ್ಸ್‌ರೇ ಕೋಣೆಯ ಮೇಲೆ ಕೆಂಪು ದೀಪ ಉರಿಯುತ್ತಿತ್ತು, ಬಾಗಿಲು ಮುಚ್ಚಿತ್ತು. ಒಳಗೆ ರೋಗಿಯಿದ್ದಾನೆ, ಕಾಯಬೇಕು ಎಂದರು ಇನ್‌ಸ್ಪೆಕ್ಟರ್. ಎಕ್ಸ್‌ರೇ ಅಣ್ಣನ ಕೈಯಲ್ಲಿ ಏನಿರುತ್ತದೋ ಎಂದು ಕಾನ್‌ಸ್ಟೇಬಲ್ ಬಾಗಿಲಿನ ಪಕ್ಕಕ್ಕೆ ಸರಿದು ನಿಂತಳು. ದೀಪ ಆರಿತು. ರೋಗಿಯ ಹಿಂದೆ ಬಂದ ತಂತ್ರಜ್ಞ, ನಡುವಯಸ್ಸಿನ ಸಣಕಲು ಮನುಷ್ಯ, ಖಾಕಿ ಕಂಡು ಗೋಡೆಗೆ ಒರಗಿ ನಿಂತ. ಟೈರು ಕುಯ್ದ ಚಾಕು ಅವನ ಕಪಾಟಿನಲ್ಲಿ ಸಿಕ್ಕಿತು, ಮೇಲ್ ಕಳಿಸಿದ್ದು ಅವನ ಫೋನಿನಿಂದಲೇ. 4.25ಕ್ಕೆ ಬಂಧನ.

"ಇವತ್ತು ಏನು ಮಾಡಬೇಕು ಅಂತಿದ್ದೆ?"

"ಏನೂ ಇಲ್ಲ ಸರ್."

"ಮತ್ತೆ?"

"ಅವಳೂ ಕಾಯ್ಲಿ ಅಂತ."

ಹೇಳಿಕೆ ಬರೆದುಕೊಂಡದ್ದು ಕಾನ್‌ಸ್ಟೇಬಲ್. ಅವನ ತಾಯಿಗೆ ಕೊನೆಗಾಲ ಬಂದಿತ್ತು. ಒಂದು ದಿನ ರಜ ಕೇಳಿದ್ದ. ಇಡೀ ದಿನ ಜೊತೆಗಿರುತ್ತೇನೆ ಎಂದು ಅವಳಿಗೆ ಮಾತು ಕೊಟ್ಟಿದ್ದ. ಬೆಳಿಗ್ಗೆ ಗುಮಾಸ್ತೆ ಫೋನ್ ಮಾಡಿದಳು: ಪಟ್ಟಿಯಲ್ಲಿ ರಜ ಇಲ್ಲ, ಬರಲೇಬೇಕು. ಒಂದರ್ಧ ಗಂಟೆ ಎಂದು ತಾಯಿಗೆ ಹೇಳಿ ಹೊರಟವನಿಗೆ ಸಂಜೆವರೆಗೆ ಬಿಡುವಾಗಲಿಲ್ಲ; ಮನೆ ಮುಟ್ಟುವಷ್ಟರಲ್ಲಿ ತಾಯಿ ತೀರಿಕೊಂಡಿದ್ದಳು.

"ಅಮ್ಮ ಬಾಗಿಲನ್ನೇ ನೋಡ್ತಿದ್ಲಂತೆ," ಎಂದ. "ಅವನು ಎಷ್ಟು ಗಂಟೆಗೆ ಬರ್ತಾನೆ, ಎಷ್ಟು ಗಂಟೆಗೆ ಬರ್ತಾನೆ ಅಂತ ಪಕ್ಕದ ಮನೆಯೋರನ್ನ ಕೇಳ್ತಾನೇ ಇದ್ಲಂತೆ. ಯಾರಿಗೆ ಗೊತ್ತಿತ್ತು ಮೇಡಂ, ಹೇಳೋಕೆ?"