ಮೊಣಕಾಲ ಕೆಳಗಿನ ದಿಂಬು

ಗೊಲ್ಲಾಳಮ್ಮನ ಮೊಣಕಾಲ ಕೆಳಗಿದ್ದ ದಿಂಬು ಮಾಯವಾಗಿತ್ತು. ಬಿಳಿ ಪಟ್ಟಿಯ ಮೇಲೆ ಅಂಗೈ ಅಗಲದ ಕೆಂಪು ಕಲೆ ಮೂಡಿತ್ತು.

ಚಹಾ ತರಲು ಹೋಗಿದ್ದ ಸೊಸೆ ದುರ್ಗಾದೇವಿ ಬಾಗಿಲಲ್ಲೇ ನಿಂತುಬಿಟ್ಟಳು. ಶಹಾಪುರ ಠಾಣೆಯ ಹೆಡ್ ಕಾನ್‌ಸ್ಟೆಬಲ್ ಅವಳು. ಅತ್ತೆಗೆ ಮೊಣಕಾಲು ಬದಲಿಸುವ ಆಪರೇಷನ್ ಎಂದು ರಜೆ ಹಾಕಿ ಯಾದಗಿರಿಯ ಈ ಆಸ್ಪತ್ರೆಗೆ ಬಂದಿದ್ದಳು. ಹಿಂದಿನ ಸಂಜೆ ಆಪರೇಷನ್ ಮುಗಿದಿತ್ತು. ಬೆಳಿಗ್ಗೆಯೂ ದಿಂಬು ಹೀಗೇ ಕಾಣೆಯಾಗಿತ್ತು. ಆಗ ಮಂಚದ ಕೆಳಗೆ ಸಿಕ್ಕಿತ್ತು. ಈಗ ಅಲ್ಲಿಯೂ ಇಲ್ಲ.

ಡಾಕ್ಟರ್ ಶಾಂತಕುಮಾರ ಹೊಸ ಪಟ್ಟಿ ಕಟ್ಟಿಸಿದರು. ಬೇರೊಂದು ದಿಂಬು ಇಡಿಸಿದರು.

"ರಕ್ತ ಕಡಿಮಿ ಹೋಗ್ಲಿ ಅಂತ ಇಂಜೆಕ್ಷನ್ ಕೊಟ್ಟೀವಿ, ಬಿಗಿಯಾಗಿ ಪಟ್ಟಿ ಕಟ್ಟೀವಿ, ಐಸ್ ಇಟ್ಟೀವಿ. ಇವತ್ತು ಮೊಣಕಾಲು ದಿಂಬಿನ ಮ್ಯಾಲ ಮಡಚಿ ಎತ್ತರಕ್ಕ ಇರಬೇಕ್ರಿ. ನೆಟ್ಟಗ ಚಾಚಿದ್ರ ರಕ್ತ ಜಾಸ್ತಿ ಸೋರ್ತದ. ಹಿಂಗಾ ಆದ್ರ ರಕ್ತ ಏರಿಸಬೇಕಾಗ್ತದ. ನಾಳಿ ಎಬ್ಬಿಸಿ ನಿಂದ್ರಸಾಂಗಿಲ್ಲ."

"ನಿಂದ್ರಸಾಂಗಿಲ್ಲೇನ್ರಿ?" ಗೊಲ್ಲಾಳಮ್ಮನ ಮುಖ ಸಣ್ಣದಾಯಿತು. ವರ್ಷಗಟ್ಟಲೆ ಗೋಡೆ ಹಿಡಿದೇ ನಡೆದವಳು ಅವಳು. ನಾಳೆಯ ಆ ಒಂದು ಹೆಜ್ಜೆಗಾಗಿಯೇ ವನದುರ್ಗದಿಂದ ಬಂದಿದ್ದಳು.

* * *

ಮೊದಲ ಅನುಮಾನ ಅತ್ತೆಯ ತಂಗಿ ಮೌನಮ್ಮನ ಮೇಲೆ. ಮಂಚಕ್ಕೆ ಅಂಟಿಕೊಂಡೇ ಕೂತು ತೂಕಡಿಸುತ್ತಿದ್ದಳು. ಮಡಿಲಲ್ಲಿ ಉಬ್ಬಿದ ಚೀಲ.

"ಸಣ್ಣತ್ತಿ, ಚೀಲದಾಗ ಏನದರಿ?"

"ಎಳ್ಳೆಣ್ಣಿ. ಅಕ್ಕನ ಕಾಲು ತಿಕ್ಕಬೇಕಂತ ತಂದಿದ್ದೆ."

"ತಿಕ್ಕಿದ್ರೇನು?"

"ಎಲ್ಲಿ ತಿಕ್ಕಲಿ? ಮುಚ್ಚಳಾನೇ ಬಿಚ್ಚಿಲ್ಲ. ಪೊಲೀಸ್ ಸೊಸಿ ಬಂದ್ಲಂದ್ರ ಅತ್ತಿಗೂ ತಲಾಶ್ ನೋಡು!"

ಮುಚ್ಚಳದ ಸೀಲು ಹಾಗೇ ಇತ್ತು. ಬಾಟಲಿಯನ್ನು ಮಾತ್ರ ದುರ್ಗಾದೇವಿ ವಶಪಡಿಸಿಕೊಂಡಳು.

ಪಕ್ಕದ ಮಂಚದಲ್ಲಿ ಕುಬ್ರಾಬೇಗಂ. ತಲೆಯ ಕೆಳಗೆ ಎರಡು ದಿಂಬು. ದುರ್ಗಾದೇವಿಯ ಕಣ್ಣು ಅತ್ತ ಹೊರಳಿದ್ದೇ ತಡ, ಆಕೆ ನಕ್ಕಳು.

"ನೋಡವ್ವ, ದಿಂಬಿನ ಮ್ಯಾಲ ನನ್ನ ಕೈಲೇ ಹೆಣೆದ ಹೂವು. ಎರಡೂ ಮನಿಯಿಂದ ತಂದೀನಿ. ದಿಂಬಿನ ಕೇಸಿನಾಗ ನನ್ನ ಜೇಲಿಗಿ ಹಾಕ್ತೀಯೇನ?"

* * *

ದುರ್ಗಾದೇವಿ ಸ್ಟೂಲು ಎಳೆದುಕೊಂಡು ಕೂತು ಅತ್ತೆಯ ಮಂಚವನ್ನೇ ನೋಡತೊಡಗಿದಳು.

ಅತ್ತೆಯ ಆಪರೇಷನ್ ಆಗದ ಕಾಲು ವಿಚಿತ್ರವಾಗಿ ಬಾಗಿಲ ಕಡೆಗೆ ಮಡಚಿಕೊಂಡಿತ್ತು. ನೆಟ್ಟಗೆ ಮಾಡಿದರೆ ಮತ್ತೆ ಅತ್ತಲೇ ಸರಿಯುತ್ತಿತ್ತು. ದಿಂಬಿನ ಮೇಲಿನ ಪಾದ ಮಾತ್ರ ಎದುರು ಗೋಡೆಗೆ. ಆ ಗೋಡೆಯ ಮೇಲೆ ಕೊಡೇಕಲ್ ಬಸವಣ್ಣನ ಕ್ಯಾಲೆಂಡರು.

ಕಿಟಕಿಯ ಬಳಿ ಮಾವ ದೇವಿಂದ್ರಪ್ಪ. ಈ ಝಳದಲ್ಲೂ ಕುತ್ತಿಗೆವರೆಗೆ ಚಾದರ ಹೊದ್ದಿದ್ದ. ಹಣೆಯಿಂದ ಬೆವರು ಇಳಿಯುತ್ತಿತ್ತು.

"ಮಾವಾರ, ಚಾದರ ತಗೀರಿ."

"ಇರ್ಲಿ ಬಿಡವ್ವ. ಥಂಡಿ ಆಗ್ಯಾದ."

ಅವಳು ಮೆಲ್ಲಗೆ ಚಾದರದ ತುದಿ ಜಗ್ಗಿದಳು. ಹೊಟ್ಟೆಯ ಮೇಲಿಂದ ದಿಂಬು ದೊಪ್ಪನೆ ಬಿತ್ತು.

"ಹಡದ್ರು ನೋಡ್ರಿ ದೇವಿಂದ್ರಪ್ಪನವ್ರು!" ಕುಬ್ರಾಬೇಗಂ ಕೂಗಿದಳು. ವಾರ್ಡಿಗೆ ವಾರ್ಡೇ ನಕ್ಕಿತು. ಗದರಲು ಬಂದ ನರ್ಸ್ ಉಮಾ ಕೂಡ ಬಾಯಿಗೆ ಕೈ ಅಡ್ಡ ಹಿಡಿದಳು.

ದೇವಿಂದ್ರಪ್ಪ ಹೆಂಡತಿಯತ್ತ ಬೆರಳು ತೋರಿಸಿದ. "ಆಕಿನ್ನ ಕೇಳು. ತಗೀ ಅಂತ ಅಳಾಕತ್ತಿದ್ಲು."

"ಗೊತ್ತಾತ್ರಿ," ಎಂದಳು ದುರ್ಗಾದೇವಿ. "ಬೆಳಿಗ್ಗಿ ದಿಂಬು ಹೋದಾಗ ಸಣ್ಣತ್ತಿ ಇನ್ನಾ ಬಸ್ಸಿನಾಗ ಇದ್ರು. ಎರಡೂ ಸಲ ನಾ ಹೊರಗ ಹೋದಾಗ ಮನಿಯವ್ರಾಗ ಇಲ್ಲಿದ್ದವ್ರು ನೀವೊಬ್ರೇ. ಯಾಕ ಅನ್ನೂದು ಅತ್ತಿಯ ಇನ್ನೊಂದು ಕಾಲು ಹೇಳ್ತು. ಮನ್ಯಾಗೂ ದೇವರ ಕಡಿ ಕಾಲು ಚಾಚಿ ಮಲಗಿದವ್ರಲ್ಲ ಅವ್ರು."

ಗೊಲ್ಲಾಳಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಬಸವಣ್ಣನ ಮಾರಿಗಿ ಕಾಲು ಎತ್ತಿ ಹೆಂಗ ಮಲಗಲಿ? ದಿಂಬು ತಗದ್ರ ಕಾಲು ಬಾಗಿಲ ಕಡಿ ಸರಸಾಕ ಬರ್ತದ."

"ಡಾಕ್ಟರಿಗಿ ಹೇಳಬಾರದೇನ್ರಿ?"

"ಆ ಕ್ಯಾಲೆಂಡರ್ ಹಚ್ಚಿದವರೇ ಅವ್ರು! ದೇವರನ್ನ ತಗೀರಿ ಅಂತ ಯಾವ ಬಾಯಿಲೆ ಹೇಳ್ಲಿ?"

ಸುದ್ದಿ ತಿಳಿದ ಡಾಕ್ಟರ್ ನಗುತ್ತಲೇ ಬಂದರು. ತಾವೇ ಕ್ಯಾಲೆಂಡರ್ ಇಳಿಸಿ ಗೊಲ್ಲಾಳಮ್ಮನ ತಲೆಯ ಹಿಂದಿನ ಗೋಡೆಗೆ ತೂಗುಹಾಕಿದರು. ಕಾಲು ದಿಂಬೇರಿತು. ಅವಳು ನಿಶ್ಚಿಂತೆಯಿಂದ ಕಣ್ಣು ಮುಚ್ಚಿದಳು.

* * *

ಮರುದಿನ ಬೆಳಿಗ್ಗೆ ಪಟ್ಟಿ ಒಣಗಿತ್ತು. ರಕ್ತ ಏರಿಸುವ ಮಾತೇ ಬರಲಿಲ್ಲ. ಉಮಾ ವಾಕರ್ ತಂದಿಟ್ಟಳು.

ಗೊಲ್ಲಾಳಮ್ಮ ಎದ್ದು ನಿಂತಳು. ಒಂದು ಹೆಜ್ಜೆ. ಇನ್ನೊಂದು. ಬಾಗಿಲ ಕಡೆಗೆ ಹೋಗಲಿಲ್ಲ, ಮೆಲ್ಲಗೆ ತಿರುಗಿ ತಲೆದೆಸೆಯ ಗೋಡೆಗೆ ಮುಖಮಾಡಿದಳು. ಕೈ ಮುಗಿಯಲು ವಾಕರ್ ಬಿಡುವಂತಿರಲಿಲ್ಲ. ತಲೆ ಬಾಗಿಸಿದಳು.

"ನಿಂತೀನಿ ನೋಡಪ್ಪ, ನಿನ್ನ ಮುಂದ. ನನ್ನ ಕಾಲ ಮ್ಯಾಲ."